ಹಾಲ್ವರ್ ನೆಸ್ ರುಜು ಹಾಕದ ವಾಷರ್

ಆ ಕಾಲಕ್ಕೆ ಭೂಮಿಯ ಮೇಲೆ ಅತಿ ವೇಗವಾಗಿ ಹಾರುತ್ತಿದ್ದ ವಿಮಾನ ನಮ್ಮದು. ಪತ್ರಿಕೆಗಳಲ್ಲಿ ಅದರ ಬಣ್ಣದ ಚಿತ್ರ ಬರುತ್ತಿತ್ತು. ಕೆಳಗೆ ಉಪ್ಪು ಹರಡಿದಂಥ ಒಣಗಿದ ಕೆರೆ, ಮೇಲೆ ಗಾಢ ನೀಲಿ, ನಡುವೆ ಸೂಜಿಮೂತಿಯ ರಾಕೆಟ್ ವಿಮಾನ. ಚಿತ್ರಕ್ಕೆ ವಾಸನೆ ಇರುವುದಿಲ್ಲ. ಇದ್ದಿದ್ದರೆ ಪತ್ರಿಕೆಯ ಒಂದು ಪ್ರತಿಯೂ ಖರ್ಚಾಗುತ್ತಿರಲಿಲ್ಲ. ತಗಡಿನ ಶೆಡ್ಡಿನಲ್ಲಿ ಮರುಭೂಮಿಯ ಬಿಸಿಲಿಗೆ ಬೇಯುತ್ತಿದ್ದ ನಲವತ್ತು ಗಂಡಸರು, ಅವರ ಕಂಕುಳು, ತಲೆಗೆ ಮೆತ್ತಿಕೊಂಡ ಕ್ರೀಮು, ಡಬ್ಬಿಗಳಲ್ಲಿ ಉಗಿದಿಟ್ಟ ಹೊಗೆಸೊಪ್ಪಿನ ರಸ, ಪೈಲಟ್ ಬಿಚ್ಚಿ ಎಸೆದ ರಬ್ಬರ್ ಅಂಗಿಯೊಳಗಿನ ಹುಳಿ. ಮನುಷ್ಯ ಶಬ್ದವನ್ನು ಹಿಂದೆ ಹಾಕಿ ಹೋದದ್ದು ಈ ನಾತದ ಒಳಗಿಂದ. ನಾತವನ್ನು ನಾತ ಎಂದು ಬಾಯಿಬಿಟ್ಟು ಹೇಳುತ್ತಿದ್ದವನು ಒಬ್ಬನೇ. ಅವನ ಹೆಸರು ಹಾಲ್ವರ್ ನೆಸ್.

ನಾನು ಆಗ ಬಿಡಿಭಾಗಗಳ ಉಗ್ರಾಣದಲ್ಲಿದ್ದೆ. ಬೋಲ್ಟು, ಕೊಳವೆ, ಕವಾಟಗಳನ್ನು ಕಪಾಟಿನಿಂದ ತೆಗೆದುಕೊಟ್ಟು ಒಯ್ದವರ ಹೆಸರು ಬರೆದುಕೊಳ್ಳುವ ಕೆಲಸ. ಕೈಬರಹ ಚೆನ್ನಾಗಿತ್ತು. ನನ್ನಲ್ಲಿ ಚೆನ್ನಾಗಿದ್ದದ್ದು ಅದೊಂದೇ. ಕೆಲಸಕ್ಕೆ ಸೇರಿದ ದಿನ ಹಾಲ್ವರ್‌ನ ಕೋಣೆಗೆ ಒಂದು ಕವಾಟ ಕೊಡಲು ಹೋದರೆ ಅವನು ಕವಾಟವನ್ನು ನೋಡಲೇ ಇಲ್ಲ. ನನ್ನ ಬಲಗೈ ಹಿಡಿದು ಮೂಗಿನ ಹತ್ತಿರ ತಂದುಕೊಂಡ.

“ಹಂದಿ ಕೊಬ್ಬು,” ಅಂದ.

“ಬೆಳಿಗ್ಗೆ ಆರಕ್ಕೆ ತಿಂದದ್ದು. ಕೈ ತೊಳ್ಕೊಂಡಿದೀನಲ್ಲ.”

“ಒರೆಸ್ಕೊಂಡಿದ್ದು ಯಾವುದ್ರಲ್ಲಿ?”

“ಬಚ್ಚಲಲ್ಲಿ ನೇತಾಕಿರೋ ಟವಲಲ್ಲಿ.”

“ಅದ್ರಲ್ಲಿ ನಿನಗಿಂತ ಮುಂಚೆ ಯಾರ‍್ಯಾರು ಒರೆಸ್ಕೊಂಡಿದ್ರು?”

ನನಗೆ ಗೊತ್ತಿರಲಿಲ್ಲ. ಯಾವ ಮನುಷ್ಯನಿಗೆ ಗೊತ್ತಿರುತ್ತದೆ?

“ಹೊಲಸು,” ಎಂದು ಕೈ ಬಿಟ್ಟ.

ಇದು ಮಡಿಯ ಹುಚ್ಚಲ್ಲ, ಅವನ ಕೆಲಸವೇ ಅದಾಗಿತ್ತು. ನಮ್ಮ ವಿಮಾನ ಮದ್ಯಸಾರ ಕುಡಿದು, ದ್ರವ ಆಮ್ಲಜನಕವನ್ನು ಉಸಿರಾಡಿ ಓಡುವ ಪ್ರಾಣಿ. ಆ ಆಮ್ಲಜನಕ ಎಷ್ಟು ತಣ್ಣಗೆಂದರೆ ಅದರಲ್ಲಿ ಅದ್ದಿದ ರಬ್ಬರ್ ಕೊಳವೆ ಗಾಜಿನ ಹಾಗೆ ಒಡೆಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅದಕ್ಕೆ ಜಿಡ್ಡು ಕಂಡರೆ ಆಗದು. ಒಂದು ಬೆರಳಚ್ಚಿನಷ್ಟು ಜಿಡ್ಡು, ಮೇಲೊಂದು ಪೆಟ್ಟು, ಅಷ್ಟಿದ್ದರೆ ಸಿಡಿಮದ್ದು. ಆಮ್ಲಜನಕ ತರುತ್ತಿದ್ದ ಲಾರಿಯ ಡ್ರೈವರೊಬ್ಬ, ಎಣ್ಣೆ ಸೋರಿದ ನೆಲದ ಮೇಲೆ ಆಮ್ಲಜನಕ ಚೆಲ್ಲಿದ್ದನ್ನು ನೋಡದೆ ಮೊಳೆ ಹೊಡೆದ ಬೂಟಿನಲ್ಲಿ ಕಾಲಿಟ್ಟು ಹಿಮ್ಮಡಿ ಕಳೆದುಕೊಂಡಿದ್ದ. ಬೂಟಿನದ್ದೋ ಕಾಲಿನದ್ದೋ ಎಂದು ಕೇಳಿದವರಿಗೆ ಎರಡೂ ಎನ್ನುತ್ತಿದ್ದ.

ಹಾಗಾಗಿ ಆಮ್ಲಜನಕ ತಾಗುವ ಪ್ರತಿಯೊಂದು ತುಣುಕೂ ಮೊದಲು ಹಾಲ್ವರ್‌ನ ಬಿಳಿ ಕೋಣೆಗೆ ಹೋಗಬೇಕು. ಹೆಸರು ದೊಡ್ಡದು, ನಿಜಕ್ಕೂ ಅದು ಶೆಡ್ಡಿನ ಮೂಲೆಯೊಂದಕ್ಕೆ ಹಲಗೆ ಬಡಿದು ಬಣ್ಣ ಬಳಿದ ಗೂಡು. ಅಲ್ಲಿ ಅವನು ಒಂದೊಂದನ್ನೂ ಮೂರು ಸಲ ತೊಳೆದು, ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ, ಜಿಡ್ಡಿದ್ದರೆ ಹೊಳೆಯುವಂತೆ ಮಾಡುವ ನೇರಳೆ ದೀಪದ ಕೆಳಗೆ ಹಿಡಿದು, ಕೊನೆಗೆ ಮೂಸಿ ಒಂದು ಬಿಳಿ ಚೀಟಿ ಕಟ್ಟುತ್ತಿದ್ದ. ಚೀಟಿಯಲ್ಲಿ ಅವನ ರುಜು. ರುಜು ಇಲ್ಲದ ವಸ್ತು ವಿಮಾನ ಏರುವಂತಿಲ್ಲ, ನಿಯಮ.

ಈ ಮೂಗು ಅವನಿಗೆ ಅಪ್ಪನಿಂದ ಬಂದ ಆಸ್ತಿ. ಉತ್ತರದ ವಿಸ್ಕಾನ್ಸಿನ್ನಿನಲ್ಲಿ ಅವರಿಗೆ ಮೂವತ್ತು ಹಸು. ಹಾಲಿನ ಕ್ಯಾನುಗಳನ್ನು ತಿಕ್ಕುವುದು ಹಾಲ್ವರ್‌ನ ಪಾಲಿಗೆ ಬಂದಿತ್ತು. ಒಂದು ಕ್ಯಾನಿನಲ್ಲಿ ಹುಳಿ ನಾತ ಬಂದರೆ ಡೈರಿಯವರು ಅವತ್ತಿನ ಅಷ್ಟೂ ಹಾಲನ್ನು ಗೇಟಿನ ಮುಂದೆಯೇ, ಊರವರು ನೋಡುತ್ತಿರುವಾಗಲೇ, ಚರಂಡಿಗೆ ಸುರಿಯುತ್ತಿದ್ದರು. ಹಾಗೆ ಎರಡು ಸಲ ಆಯಿತಂತೆ. ಮೂರನೆಯದು ಆಗದಂತೆ ಹಾಲ್ವರ್ ದಿನಾ ಕ್ಯಾನಿನೊಳಗೆ ತಲೆ ತೂರಿಸಿ ಮೂಸುವುದನ್ನು ಕಲಿತ. ಆಮೇಲೆ ಆ ತಲೆ ಪೂರ್ತಿ ಹೊರಗೆ ಬಂದದ್ದನ್ನು ಯಾರೂ ನೋಡಲಿಲ್ಲ.

ಮರುಭೂಮಿಗೆ ಬಂದ ಮೇಲೆ ಅಕ್ಕ ಸಿಗ್ರಿಡ್ ಇವನ ಜೊತೆಗಿದ್ದಳು. ಸೋಮವಾರದಿಂದ ಶುಕ್ರವಾರದವರೆಗೆ ಆ ಮನೆಯಲ್ಲಿ ಬೆಣ್ಣೆ ಬಳಸುವಂತಿಲ್ಲ. ಹಾಲಿನವರ ಮಗ ಬೆಂದ ಆಲೂಗಡ್ಡೆ, ಬೆಂದ ಮೀನು, ಬೆಂದ ಎಲೆಕೋಸು ತಿಂದು ಕೈಗಳನ್ನು ಕಾಪಾಡಿಕೊಂಡ. ಅಂಚೆ ಕಚೇರಿಯ ಹೆಂಗಸೊಬ್ಬಳು ಇವನನ್ನು ಮದುವೆಯಾಗುವ ಮಾತಿನವರೆಗೆ ಬಂದಿದ್ದಳಂತೆ. ಅವಳು ಕೈಗೆ ಕ್ರೀಮು ಹಚ್ಚುತ್ತಿದ್ದಳು. ಆ ಸಂಗತಿಯ ಬಗ್ಗೆ ಅಷ್ಟೇ ಗೊತ್ತಿರುವುದು.

ಅವನ ಕಷ್ಟವೆಂದರೆ, ಅವನ ಬಳಿ ಇದ್ದದ್ದು ಒಂದೇ ಮಾತು. ಕವಾಟದಲ್ಲಿ ಜಿಡ್ಡು ಕಂಡರೆ ಹೊಲಸು. ಸರಿ. ಊಟದ ಮನೆಯ ಗ್ರೇವಿ ಹೊಲಸು, ಅದೂ ಸರಿಯೇ. ಆದರೆ ಕುಣಿತದ ಸಂಗೀತವೂ ಹೊಲಸು, ಹುಡುಗಿಯರ ತುಟಿಬಣ್ಣ ಹೊಲಸು, ಚರ್ಚಿನಲ್ಲಿ ಪಾದ್ರಿ ಕೈ ಕುಲುಕುವ ಪದ್ಧತಿ ಹೊಲಸು, ಆಕಳಿಸುವುದು ಹೊಲಸು. ನಮ್ಮ ತಂಡದ ಮುಖ್ಯಸ್ಥ ಲಾಯ್ಡ್ ಗ್ರೀವ್ಸ್‌ನ ಹೆಂಡತಿ ಕ್ರಿಸ್‌ಮಸ್ಸಿಗೆ ಸೇಬಿನ ಪೈ ಮಾಡಿ ಕಳಿಸಿದ್ದಳು. ಎಲ್ಲರೂ ಬೆರಳು ನೆಕ್ಕುತ್ತಿರುವಾಗ ಹಾಲ್ವರ್ ಅದರ ಅಂಚಿನಲ್ಲಿ ಒಸರುತ್ತಿದ್ದ ಬೆಣ್ಣೆಯನ್ನು ನೋಡಿ ಅದೇ ಮಾತು ಹೇಳಿದ. ಗ್ರೀವ್ಸ್ ಆಗ ನಕ್ಕ. ಗ್ರೀವ್ಸ್ ನಕ್ಕು ಬಿಟ್ಟ ಮಾತನ್ನೂ ಮರೆಯುವ ಜಾತಿಯಲ್ಲ.

ಹನ್ನೊಂದನೆಯ ಹಾರಾಟದ ನಂತರ ಆಮ್ಲಜನಕದ ದೊಡ್ಡ ಕವಾಟ ತುಸು ಸೋರಲು ಶುರುವಾಯಿತು. ಅಲ್ಲಿಯವರೆಗೆ ಕವಾಟಗಳು ಕಾರ್ಖಾನೆಯಲ್ಲೇ ಜೋಡಿಸಿ, ಮುಚ್ಚಿ, ಮೊಹರು ಹಾಕಿ ಬರುತ್ತಿದ್ದವು. ಈ ಸಲ ಬಿಚ್ಚಿ ಒಳಗಿನ ವಾಷರುಗಳನ್ನಷ್ಟೇ ಬದಲಿಸುವುದೆಂದು ತೀರ್ಮಾನವಾಗಿ, ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಡಜನ್ ತೊಗಲಿನ ವಾಷರು ಬಂದವು. ನಲ್ಲಿಯ ವಾಷರಿನಂಥದ್ದೇ, ಅಂಗೈಯಷ್ಟು ಅಗಲ. ನಾನೇ ಅವನ್ನು ಬಿಳಿ ಕೋಣೆಗೆ ತಲುಪಿಸಿದೆ.

ಮಾರನೆಯ ದಿನ ಹಾಲ್ವರ್ ಉಗ್ರಾಣದ ಕಿಟಕಿಗೆ ಬಂದ. ಇಕ್ಕಳದಲ್ಲಿ ಒಂದು ವಾಷರ್ ಹಿಡಿದಿದ್ದ.

“ಬೆಮಿಸ್, ಇದನ್ನ ನೋಡು. ಬೆವರ‍್ತಾ ಇದೆ.”

“ಈ ಬಿಸಿಲಲ್ಲಿ ನಾನೂ ಬೆವರ‍್ತಾ ಇದೀನಿ.”

“ನಿನ್ನೆ ಮೂರು ಸಲ ತೊಳ್ದೆ. ಬೆಳಿಗ್ಗೆ ನೋಡಿದ್ರೆ ಮತ್ತೆ ಮೇಲೆ ಬಂದಿದೆ. ಮತ್ತೆ ತೊಳ್ದೆ, ಬಿಸಿಲಿಗಿಟ್ಟೆ. ಮತ್ತೆ ಬಂತು. ಸೋರಬಾರ‍್ದು ಅಂತ ತೊಗಲಿಗೆ ಏನೋ ಮೇಣ ಕುಡಿಸಿದಾರೆ. ಮೂಸು.”

ಮೂಸಿದೆ. “ಬೂಟಿನ ವಾಸನೆ.”

“ಹೌದು. ಬೂಟು.” ನನ್ನ ಮೂಗು ಒಂದು ಸಲವಾದರೂ ಕೆಲಸ ಮಾಡಿತಲ್ಲ ಎಂದು ಅವನಿಗೆ ಸಮಾಧಾನವಾದಂತೆ ಕಂಡಿತು. ಹೋಗಿ ಇಪ್ಪತ್ತನಾಲ್ಕು ವಾಷರಿಗೂ ಒಂದೊಂದು ಚೀಟಿ ಕಟ್ಟಿದ. ರುಜು ಹಾಕುವ ಜಾಗದಲ್ಲಿ ‘ಹೊಲಸು’ ಎಂದು ಬರೆದ. ಅದಕ್ಕಿಂತ ಒಂದಕ್ಷರ ಹೆಚ್ಚು ಬರೆಯಲಿಲ್ಲ. ಮೇಣ ಎಂದಿಲ್ಲ, ಬೆವರುತ್ತದೆ ಎಂದಿಲ್ಲ, ಎಷ್ಟು ತೊಳೆದರೂ ಹೋಗುವುದಿಲ್ಲ ಎಂದಿಲ್ಲ. ಡೈರಿಯ ಗೇಟಿನಲ್ಲಿ ಕ್ಯಾನು ಮೂಸುವವನು ಕಾರಣ ಬರೆದುಕೊಡುತ್ತಿರಲಿಲ್ಲ. ಹಾಲನ್ನು ಸುರಿಯುತ್ತಿದ್ದ, ಅಷ್ಟೆ.

ಗ್ರೀವ್ಸ್ ಬಂದ. ಒಂಬತ್ತು ದಿನದಲ್ಲಿ ವಾಷಿಂಗ್ಟನ್ನಿನಿಂದ ದೊಡ್ಡ ಮನುಷ್ಯರು ಬರುವವರಿದ್ದರು. ಅವರ ಕಣ್ಣೆದುರೇ ವೇಗದ ದಾಖಲೆ ಮುರಿಯಬೇಕಿತ್ತು. ಅವನು ಚೀಟಿಗಳನ್ನು ಒಂದೊಂದಾಗಿ ತಿರುವಿ ಓದಿದ. ಎಲ್ಲದರಲ್ಲೂ ಒಂದೇ ಪದ ಇರುವುದನ್ನು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

“ನಕ್ಷೆಯಲ್ಲಿ ತೊಗಲಿನ ವಾಷರ್ ಅಂತಾನೇ ಇದೆ ಕಣಯ್ಯ.”

“ನಕ್ಷೆ ಬರೆದೋನು ಮೂಸಿಲ್ಲ.”

“ಹನ್ನೊಂದು ಸಲ ಇದೇ ವಾಷರ್ ಹಾಕ್ಕೊಂಡು ಹಾರಿದೆ.”

“ಹನ್ನೊಂದು ಸಲ ಹೊಲಸು ಹಾರಿದೆ.”

“ನನ್ನ ಹೆಂಡ್ತಿ ಮಾಡಿದ ಪೈಗೂ ನೀನು ಇದೇ ಸರ್ಟಿಫಿಕೇಟ್ ಕೊಟ್ಟಿದ್ದೆ ಅಲ್ವಾ?”

“ಅದು ವಿಮಾನಕ್ಕೆ ಹಾಕೋದಲ್ಲ.”

ಸುತ್ತ ನಿಂತವರೆಲ್ಲ ನಕ್ಕರು. ಗ್ರೀವ್ಸ್ ಕೂಡ ನಕ್ಕ. ಚೀಟಿಗಳನ್ನು ಹರಿದು ಜೇಬಿಗೆ ಹಾಕಿಕೊಂಡು ಹೇಳಿದ: “ನಾಳೆ ಬೆಳಿಗ್ಗೆ ಹೊಸ ಚೀಟಿಯಲ್ಲಿ ನಿನ್ನ ರುಜು ಇರ‍್ಬೇಕು. ಇಲ್ದಿದ್ರೆ ನಿಂಗೆ ಬೇರೆ ಕೆಲಸ ನೋಡ್ತೀನಿ.”

ರುಜು ಹಾಕುವುದೆಂದರೆ ಏನೆಂದು ಹಾಲ್ವರ್‌ಗೆ ಗೊತ್ತಿತ್ತು. ಆ ಕವಾಟದಿಂದ ಎರಡು ಮೊಳ ಮುಂದೆ, ಕಾಲು ಮಡಚಿಕೊಂಡು, ಒಬ್ಬ ಮನುಷ್ಯ ಕೂರುತ್ತಾನೆ. ಹಾಲ್ವರ್ ಆ ಮನುಷ್ಯನ ಹತ್ತಿರವೇ ಹೋದ.

ಕ್ಯಾಪ್ಟನ್ ವೇಡ್ ಕಾಲ್ಟರ್ ಊಟದ ಮನೆಯಲ್ಲಿ ಹುರಿದ ಮೊಟ್ಟೆಯ ಹಳದಿಯನ್ನು ರೊಟ್ಟಿಯಲ್ಲಿ ಬಳಿಯುತ್ತಿದ್ದ. ಪಕ್ಕದ ಮೇಜಿನಲ್ಲಿ ನಾನಿದ್ದೆ, ಊಟದ ಮನೆಯಲ್ಲಿ ನಾನು ಇಲ್ಲದ ಹೊತ್ತು ಕಡಿಮೆ. ಕ್ಯಾಪ್ಟನ್ನನಿಗೆ ಮೇಣ ಹಚ್ಚಿ ತಿರುವಿದ ತೆಳು ಮೀಸೆ.

“ಕ್ಯಾಪ್ಟನ್, ಮುಂದಿನ ವಾರ ನೀವು ಹಾರ‍್ಬೇಡಿ. ಆಕ್ಸಿಜನ್ ಕವಾಟಕ್ಕೆ ಹಾಕೋ ವಾಷರ್ ಹೊಲಸು.”

“ಸಿಡಿಯುತ್ತಾ?”

ಬೇರೆ ಯಾರಾದರೂ ಹೌದು ಎಂದುಬಿಡುತ್ತಿದ್ದರು. ಹಾಲ್ವರ್ ಯೋಚಿಸಿದ. “ಗೊತ್ತಿಲ್ಲ,” ಅಂದ.

“ಇಲ್ಲೀತನಕ ಇದ್ದಿದ್ದು?”

“ಅದೂ ಇಂಥದ್ದೇ ಇರ‍್ಬೇಕು. ಮೊಹರು ಹಾಕಿ ಬರ‍್ತಿತ್ತು, ನಾನು ನೋಡಿಲ್ಲ.”

“ಅದ್ರ ಜೊತೆ ಹನ್ನೊಂದು ಸಲ ಹೋಗಿ ಬಂದಿದೀನಿ.”

“ಹೌದು.”

“ಹೋದ ವಾರ ನನ್ನ ಮೀಸೇನೂ ಹೊಲಸು ಅಂದ್ಯಲ್ಲಪ್ಪ.”

“ಅದೂ ಹೌದು.”

ಊಟದ ಮನೆಗೆ ಊಟದ ಮನೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಬಾಯಲ್ಲಿ ರೊಟ್ಟಿ ಇತ್ತು, ಮೇಜಿನ ಮೇಲೆಲ್ಲ ಚೂರು ಹಾರಿತು. ಹಾಲ್ವರ್ ಆ ಚೂರುಗಳನ್ನೊಮ್ಮೆ ನೋಡಿ ಹೊರಟುಹೋದ.

ಬೆಳಿಗ್ಗೆ ಹೊಸ ಚೀಟಿಗಳು ಖಾಲಿ ಇದ್ದವು. ಗ್ರೀವ್ಸ್‌ಗೆ ತಮಾಷೆಯ ಸ್ವಭಾವ ಉಂಟು. ಊಟದ ಮನೆಯ ಹಿಂದೆ ಪಾತ್ರೆ ತೊಳೆದ ನೀರು ಹೋಗಿ ಬೀಳುವ ಒಂದು ಗುಂಡಿ ಇತ್ತು. ಕೊಬ್ಬು, ಗ್ರೇವಿ, ಹುಳಿತ ಹಾಲಿನ ಕೆನೆ ಎಲ್ಲ ಅದರ ಮೇಲೆ ಗೇಣುದ್ದ ದಪ್ಪಗೆ ಹೆಪ್ಪುಗಟ್ಟುತ್ತಿತ್ತು. ಅದರ ಜಿಡ್ಡು ತೆಗೆಯುವ ಕೆಲಸಕ್ಕೆ ಹಾಲ್ವರ್‌ನನ್ನು ಹಾಕಿದ. “ಜಿಡ್ಡಿನ ವಿಷಯದಲ್ಲಿ ಇವನಷ್ಟು ತಿಳಿದೋರಿಲ್ಲ,” ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದ. ಹಾಲ್ವರ್ ಗಮ್‌ಬೂಟು ತೊಟ್ಟು ಗುಂಡಿಗೆ ಇಳಿದ. ಮೊದಲ ದಿನ ಎರಡು ಸಲ ವಾಂತಿ ಮಾಡಿಕೊಂಡನಂತೆ, ಗುಂಡಿಯೊಳಗಲ್ಲ, ಮೇಲೆ ಹತ್ತಿ ಬಂದು, ಬಕೀಟಿನಲ್ಲಿ. ನಾಲ್ಕನೆಯ ದಿನ ಆ ಗುಂಡಿಯಲ್ಲಿ ಕೂಸಿಗೆ ಸ್ನಾನ ಮಾಡಿಸಬಹುದಿತ್ತು. ಅಡಿಗೆಯವನು ಅದಕ್ಕೂ ಗೊಣಗಿದ: ನೀರು ಚೆಲ್ಲಲು ಮನಸ್ಸೇ ಬರುವುದಿಲ್ಲವಂತೆ.

ಇತ್ತ ಗ್ರೀವ್ಸ್ ನನ್ನ ಕಿಟಕಿಗೆ ಬಂದ.

“ಬೆಮಿಸ್, ನಿನ್ನ ಅಕ್ಷರ ಚೆನ್ನಾಗಿದೆ.”

“ಥ್ಯಾಂಕ್ಸ್ ಸಾರ್.”

“ಇವತ್ತಿಂದ ಬಿಳಿ ಕೋಣೆ ನಿಂದು.”

ಇದನ್ನು ಬರೆಯುವಾಗ ತಮಾಷೆಯಾಗಿ ಬರೆಯೋಣ ಎಂದುಕೊಂಡಿದ್ದೆ, ಆಗುತ್ತಿಲ್ಲ. ನನಗೆ ಹೆಮ್ಮೆಯಾಯಿತು. ಬಿಳಿ ಕೋಟು ಹಾಕಿಕೊಂಡೆ, ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ವಾಷರುಗಳನ್ನು ಒಂದು ಸಲ ತೊಳೆದೆ. ಬಿಳಿ ಬಟ್ಟೆಯಲ್ಲಿ ಉಜ್ಜಿದೆ. ಬಟ್ಟೆಯ ಮೇಲೆ ತಿಳಿ ಹಳದಿ ಗೆರೆಯೊಂದು ಮೂಡಿತು. ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದೆ. ಹಿಂಬದಿ ಬೆಳ್ಳಗಿತ್ತು. ಬೂಟಿನ ವಾಸನೆ ಮೂಗಿನಲ್ಲಿ ಇರುವಾಗಲೇ, ಬಹಳ ದುಂಡಗಿನ ಅಕ್ಷರದಲ್ಲಿ, ಇಪ್ಪತ್ತನಾಲ್ಕು ರುಜು ಹಾಕಿದೆ.

ಹಾರಾಟದ ದಿನ ಬೆಳಿಗ್ಗೆ ವಾಷಿಂಗ್ಟನ್ನಿನವರು ಬಂದು ಕುರ್ಚಿಗಳಲ್ಲಿ ಕೂತರು. ದೊಡ್ಡ ತಾಯಿ ವಿಮಾನ ರಾಕೆಟ್ ವಿಮಾನವನ್ನು ಹೊಟ್ಟೆಗೆ ಕಟ್ಟಿಕೊಂಡು ಏರಿತು. ಐದು ಮೈಲಿ ಎತ್ತರದಲ್ಲಿ ಕ್ಯಾಪ್ಟನ್ ಏಣಿ ಇಳಿದು ರಾಕೆಟ್ ವಿಮಾನದ ಗೂಡಿನಲ್ಲಿ ಕೂತು, ಟ್ಯಾಂಕುಗಳಿಗೆ ಒತ್ತಡ ಕೊಟ್ಟು ಸಿದ್ಧವಾಗಬೇಕು. ಆಮೇಲೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ. ಮೇಲಿನವರ ಮಾತು ನಮಗೆ ಶೆಡ್ಡಿನ ಲೌಡ್‌ಸ್ಪೀಕರಿನಲ್ಲಿ ಕೇಳುತ್ತಿತ್ತು.

“ಒತ್ತಡ ಕೊಡ್ತಾ ಇದೀನಿ,” ಎಂದ ಕ್ಯಾಪ್ಟನ್. ಸ್ವಲ್ಪ ಹೊತ್ತು ಬಿಟ್ಟು, ಅದೇ ದನಿಯಲ್ಲಿ, “ಹಿಂದೆ ಏನೋ ಬಡೀತು,” ಎಂದ.

“ವೇಡ್, ಹೊಗೆ ಬರ‍್ತಿದೆ. ಮೇಲೆ ಬಾ.” ಇದು ತಾಯಿ ವಿಮಾನದ ಪೈಲಟ್.

ಲೌಡ್‌ಸ್ಪೀಕರ್ ಗರಗರ ಎಂದಿತು. ಯಾರೋ ಉಸಿರುಗಟ್ಟಿ ಏದುವುದು ಕೇಳಿಸಿತು. ನಾನು ಹಾಕಿದ ಇಪ್ಪತ್ತನಾಲ್ಕು ರುಜುಗಳ ಪೈಕಿ ಯಾವುದು ಅಲ್ಲಿದೆ ಎಂದು ಆ ಹೊತ್ತಿನಲ್ಲಿ ಲೆಕ್ಕ ಹಾಕಲು ಹೊರಟಿದ್ದೆ, ಮನುಷ್ಯನ ಬುದ್ಧಿ ಅಷ್ಟು ಕೊಳಕು.

“ಕೈ ಸಿಕ್ತು. ಎಳ್ಕೊಂಡ್ವಿ. ರಾಕೆಟ್ಟನ್ನ ಕೆಳಗೆ ಬಿಡ್ತಾ ಇದೀವಿ.”

ಒಣಕೆರೆಯ ಆಚೆ ತುದಿಯಲ್ಲಿ ಕಪ್ಪು ಹೊಗೆ ಎದ್ದಿತು. ಶಬ್ದ ಆಮೇಲೆ ಬಂತು. ಕ್ಯಾಪ್ಟನ್ನನ ಎಡ ಅಂಗೈಯ ಚರ್ಮ ಕಿತ್ತು ಬಂದಿತ್ತು, ಕಿವಿ ಎರಡು ತಿಂಗಳು ಗುಂಯ್‌ಗುಟ್ಟಿತು, ಬದುಕಿದ. ವಾಷಿಂಗ್ಟನ್ನಿನವರಿಗೆ ದಾಖಲೆಯ ಸಂತೋಷಕ್ಕೆಂದು ಹುರಿದ ಕೋಳಿ ಮಾಡಿಸಿಟ್ಟಿದ್ದರು. ಹೊಗೆ ಇನ್ನೂ ನಿಂತಿರುವಾಗಲೇ ಅವರು ಅದನ್ನು ತಿಂದರು, ಮೂಳೆ ಚೀಪಿದರು, “ಇಂಥದ್ರಲ್ಲಿ ಇದೆಲ್ಲ ಇದ್ದದ್ದೇ,” ಎಂದು ತುಟಿ ಒರೆಸಿಕೊಂಡರು. ನಾನೂ ಎರಡು ತುಂಡು ತಿಂದೆ.

ಐದು ಜನರ ತನಿಖಾ ಸಮಿತಿ ಬಂತು. ಮರಳಿನಿಂದ ಹೆಕ್ಕಿ ತಂದ ಚೂರುಗಳನ್ನು ತಟ್ಟೆಗಳಲ್ಲಿ ಜೋಡಿಸಿಟ್ಟಿದ್ದರು. ನನ್ನನ್ನು ಮೊದಲ ದಿನವೇ ಕರೆದರು.

“ಶುದ್ಧವಾಗಿದೆ ಅಂತ ಚೀಟಿಗೆ ರುಜು ಮಾಡಿದೋರು ನೀವಾ?”

“ಹೌದು ಸಾರ್.”

“ಶುದ್ಧವಾಗಿತ್ತಾ?”

“ಚೀಟಿಯಲ್ಲಿ ಹಾಗೇ ಬರೆದಿದೆ ಸಾರ್.”

ಅವರು ತಲೆಯಾಡಿಸಿ ಮುಂದಿನವನನ್ನು ಕರೆದರು. ಕವಾಟ ಹೆಪ್ಪುಗಟ್ಟಿರಬೇಕು, ಎರಡನೆಯ ವಿಮಾನ ಸಿದ್ಧವಿದೆ, ಅದರ ಕವಾಟವನ್ನು ಸ್ವಲ್ಪ ನಿಧಾನವಾಗಿ ತೆರೆದರಾಯಿತು ಎಂಬ ಮಾತು ಸಂಜೆಯ ಹೊತ್ತಿಗೆ ಕೇಳಿಬಂತು. ಎರಡನೆಯ ವಿಮಾನದ ಕವಾಟದಲ್ಲಿ ನಾನು ರುಜು ಮಾಡಿದ ಇನ್ನೊಂದು ವಾಷರ್ ಕೂತಿತ್ತು. ಜನ್ಮದಲ್ಲಿ ಮೊದಲ ಸಲ ನನಗೆ ಊಟ ಸೇರಲಿಲ್ಲ. ನೇರ ಹಾಲ್ವರ್‌ನ ಮನೆಗೆ ಹೋದೆ.

ಸಿಗ್ರಿಡ್ ಬಾಗಿಲು ತೆಗೆದಳು. ಹಾಲ್ವರ್ ಅಡಿಗೆಮನೆಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ನಿಂತಿದ್ದ. ಗುಂಡಿಯ ಕೆಲಸ ಮುಗಿದು ಎಂಟು ದಿನವಾಗಿತ್ತು, ಇನ್ನೂ ತೊಳೆಯುತ್ತಿದ್ದ.

“ನಾಳೆ ಬಂದು ಸಮಿತಿಗೆ ಹೇಳು,” ಎಂದೆ.

“ಆವತ್ತೇ ಹೇಳಿದ್ದೆ.”

“ನೀನು ಹೇಳಿದ್ದು ಒಂದು ಪದ.”

“ಸಾಕಾಗ್ಬೇಕಿತ್ತು.”

“ಅದೇ ಪದ ಪೈಗೂ ಹೇಳಿದ್ದೆ, ಪಾದ್ರಿಗೂ ಹೇಳಿದ್ದೆ. ಯಾವುದಕ್ಕೆ ಹೆದರ‍್ಬೇಕು ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು ಮಾರಾಯ?”

ಅವನು ಅಕ್ಕನ ಕಡೆ ನೋಡಿದ. ಅವಳು ಆಲೂಗಡ್ಡೆಯ ನೀರು ಬಸಿಯುತ್ತ ಹೇಳಿದಳು: “ನನ್ನ ಅಡಿಗೆಗೆ ದಿನಾ ಅದನ್ನೇ ಅಂತೀಯ. ನಾನು ಕಿವಿಗೆ ಹಾಕ್ಕೊಳೋದು ಬಿಟ್ಟು ಆರು ವರ್ಷ ಆಯ್ತು.”

ಹಾಲ್ವರ್ ಕುರ್ಚಿಯಲ್ಲಿ ಕೂತ. ಸೋಪಿನ ನೀರು ಮೊಣಕೈಯಿಂದ ನೆಲಕ್ಕೆ ಬೀಳುತ್ತಿದ್ದರೂ ಒರೆಸಲಿಲ್ಲ. ನಾವೆಲ್ಲ ಇಷ್ಟು ವರ್ಷ ಅವನ ಮಾತನ್ನು ಒಂದು ಬಗೆಯ ಕೆಮ್ಮು ಎಂದುಕೊಂಡಿದ್ದೆವು ಎಂಬುದು ಅವನಿಗೆ ಹೊಸ ಸುದ್ದಿ.

“ಹಾಗಾದ್ರೆ ಏನಂತ ಹೇಳ್ಬೇಕಿತ್ತು?” ಎಂದ.

“ಏನೂ ಹೇಳ್ಬೇಡ. ಉಳಿದಿರೋ ವಾಷರ್ ಒಂದು, ಸ್ವಲ್ಪ ಆಕ್ಸಿಜನ್ನು, ಒಂದು ಸುತ್ತಿಗೆ. ಅವ್ರ ಮುಂದೆ ಬಡಿ. ಲಾರಿ ಡ್ರೈವರ್ ಹಿಮ್ಮಡಿ ನೆನಪಿಲ್ವಾ?”

“ಹೊಲಸು ಅಂತ ಗೊತ್ತಾಗೋಕೆ ಅದನ್ನ ಬಡೀಬೇಕಾ?”

“ನಮ್ಮಂಥೋರಿಗೆ ಬಡೀಬೇಕು.”

ಅವನ ಮುಖದಲ್ಲಿ ಆಗ ಕಂಡ ಹೇಸಿಗೆ ನನ್ನೊಬ್ಬನ ಮೇಲಿನದ್ದಲ್ಲ, ಇಡೀ ಮನುಷ್ಯಜಾತಿಯ ಮೇಲಿನದ್ದು. ನನಗೆ ಸ್ವಲ್ಪ ಹಗುರವಾಯಿತು.

ಬೆಳಿಗ್ಗೆ ಸಮಿತಿಯ ಮುಂದೆ ಹೋಗಿ ನಾನು ಮೊದಲು ಬಟ್ಟೆ ಮಗುಚಿದ ಸಂಗತಿ ಹೇಳಿದೆ. ಹಾಲ್ವರ್ ಬರೆದ ಚೀಟಿಗಳನ್ನು ಗ್ರೀವ್ಸ್ ಹರಿದದ್ದನ್ನೂ ಹೇಳಿದೆ. ಹೇಳುವಾಗ ಗ್ರೀವ್ಸ್‌ನ ಬೂಟುಗಳನ್ನೇ ನೋಡುತ್ತಿದ್ದೆ. ಸಮಿತಿಯ ಹಿರಿಯ ವಾಷರನ್ನು ಬೆಳಕಿಗೆ ಹಿಡಿದು, “ನೋಡೋಕೆ ಶುದ್ಧವಾಗೇ ಇದೆಯಲ್ಲ,” ಎಂದ. ಎಲ್ಲರನ್ನೂ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದೆವು. ಹಾಲ್ವರ್ ವಾಷರಿನಿಂದ ಉಗುರಿನಷ್ಟು ತುಂಡು ಕತ್ತರಿಸಿ ಕಮ್ಮಾರರು ಬಳಸುವಂಥ ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟ. ಮೇಲೆ ಆಮ್ಲಜನಕ ಸುರಿದ, ಬಿಳಿ ಮಂಜು ಎದ್ದಿತು. ಉದ್ದ ಹಿಡಿಯ ಸುತ್ತಿಗೆಯನ್ನು ಮೊಳ ಎತ್ತರದಿಂದ ಹಾಗೇ ಬೀಳಬಿಟ್ಟ.

ಸುತ್ತಿಗೆ ಬಿದ್ದದ್ದಕ್ಕಿಂತ ಜೋರಾಗಿ ಮೇಲೆ ಹೋಯಿತು. ಶೆಡ್ಡಿನ ಎರಡು ಗಾಜು ಉದುರಿದವು. ಹಿರಿಯ ತನ್ನ ಟೊಪ್ಪಿಯನ್ನು ನೆಲದಿಂದ ಎತ್ತಿಕೊಂಡು, “ಇನ್ನೊಂದ್ಸಲ ಮಾಡಿ,” ಎಂದ. ಇನ್ನೊಂದು ಸಲವೂ ಹಾಗೇ ಆಯಿತು. ಒತ್ತಡ ಕೊಟ್ಟಾಗ ಕವಾಟ ಬಡಿದುಕೊಳ್ಳುವ ಪೆಟ್ಟು ಇದಕ್ಕಿಂತ ದೊಡ್ಡದೆಂದು ಯಾರೂ ಯಾರಿಗೂ ವಿವರಿಸಬೇಕಾಗಿ ಬರಲಿಲ್ಲ.

ನೂರಮೂವತ್ತು ಪುಟದ ವರದಿ ಬಂತು. ಅದರಲ್ಲಿ ಸುತ್ತಿಗೆಯ ಪರೀಕ್ಷೆಗೆ ನಾಲ್ಕು ಪುಟ, ಹಾಲ್ವರ್‌ನ ಹೆಸರು ಎಲ್ಲೂ ಇಲ್ಲ, ‘ಸಿಬ್ಬಂದಿಯೊಬ್ಬರು’ ಎಂದಿತ್ತು. ತೊಗಲಿನ ವಾಷರುಗಳೆಲ್ಲ ಹೋಗಿ ತಾಮ್ರದವು ಬಂದವು. ಗ್ರೀವ್ಸ್ ತನ್ನ ಜಾಗದಲ್ಲೇ ಉಳಿದ, ಅಂಥವರು ಉಳಿಯುತ್ತಾರೆ. ನನ್ನನ್ನೂ ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು: ಹಾಲ್ವರ್‌ನ ಕೈಕೆಳಗೆ ಬಕೀಟು ಹೊರಲು ಹಾಕಿದರು.

ಅವನು ಬಿಳಿ ಕೋಣೆಗೆ ಮರಳಿ, ನಾನು ರುಜು ಹಾಕಿದ್ದ ಚೀಟಿಗಳನ್ನೆಲ್ಲ ಕತ್ತರಿಸಿ ತೆಗೆಸಿದ. ಎರಡನೆಯ ವಿಮಾನದಿಂದ ನೂರೆಂಬತ್ತು ಭಾಗಗಳನ್ನು ಬಿಚ್ಚಿಸಿ ಮತ್ತೆ ತೊಳೆದ. ಗೋಡೆ ತೊಳೆದ, ಮಾಡು ತೊಳೆದ, ನಾನು ಕೂತಿದ್ದ ಕುರ್ಚಿಯನ್ನು ಎರಡು ಸಲ. ಏಳು ವಾರ ಹಾರಾಟವಿಲ್ಲ. ಆ ಏಳು ವಾರದಲ್ಲಿ ನನ್ನ ಜೊತೆ “ಬಿಸಿ ನೀರು”, “ತಣ್ಣೀರು” ಎಂಬೆರಡೇ ಮಾತಾಡಿದ. ಒಂದು ಬದಲಾವಣೆಯನ್ನು ಮಾತ್ರ ಎಲ್ಲರೂ ಗಮನಿಸಿದರು. ಆ ಪದವನ್ನು ಅವನು ಕೋಣೆಯ ಹೊರಗೆ ಆಡುವುದನ್ನು ಬಿಟ್ಟಿದ್ದ. ಗ್ರೇವಿ ಕಂಡರೂ ಸುಮ್ಮನಿರುತ್ತಿದ್ದ. ಮನೆಯಲ್ಲಿ ಅದರ ಬದಲು ಬೇರೆ ಪದಗಳನ್ನು ಬಳಸುತ್ತಾನೆ, ಅವು ಇನ್ನೂ ಕೆಟ್ಟವು ಎಂದು ಸಿಗ್ರಿಡ್ ಹೇಳಿದಳು.

ಶರತ್ಕಾಲದಲ್ಲಿ ಎರಡನೆಯ ವಿಮಾನ ಹೊರಡುವ ಬೆಳಿಗ್ಗೆ ಇಂಧನದ ಲಾರಿಗಳು ಬಂದು ನಿಂತಿದ್ದವು. ಕ್ಯಾಪ್ಟನ್ ರಬ್ಬರ್ ಅಂಗಿ ತೊಟ್ಟು ಬೆವರುತ್ತ ಕಾಯುತ್ತಿದ್ದ. ಕೊನೆಯ ಗಳಿಗೆಯಲ್ಲಿ ಒಂದು ಕೊಳವೆಯ ಜೋಡಣೆಯನ್ನು ಬದಲಿಸಬೇಕಾಯಿತು. ಗ್ರೀವ್ಸ್ ಹೊಸದನ್ನು ತಾನೇ ಹಿಡಿದುಕೊಂಡು ಬಂದು ಬಿಳಿ ಕೋಣೆಯ ಹೊಸ್ತಿಲ ಆಚೆಯೇ ನಿಂತ. ಹಾಲ್ವರ್ ಅದನ್ನು ಇಕ್ಕಳದಲ್ಲಿ ತೆಗೆದುಕೊಂಡು, ನೇರಳೆ ದೀಪದ ಕೆಳಗೆ ತಿರುಗಿಸಿ ನೋಡಿ, ಮೂಸಿ, ವಾಪಸ್ಸು ಕೊಟ್ಟ.

“ಹೊಲಸು.”

ಗ್ರೀವ್ಸ್‌ನ ಕಪಾಳ ಕೆಂಪಾಯಿತು. ಜೋಡಣೆಯನ್ನು ಒಮ್ಮೆ ನೋಡಿದ, ಗಡಿಯಾರವನ್ನು ಒಮ್ಮೆ ನೋಡಿದ, ತಿರುಗಿ ನಡೆದ.

“ಏನಂತೆ?” ಎಂದು ವಿಮಾನದ ಬಳಿಯಿಂದ ಕ್ಯಾಪ್ಟನ್ ಕೂಗಿ ಕೇಳಿದ.

“ಬೇರೆ ತರ‍್ಬೇಕಂತೆ. ಲಾರಿಗಳನ್ನ ಹಿಂದಕ್ಕೆ ಕಳಿಸಿ, ಇವತ್ತು ಹಾರಾಟ ಇಲ್ಲ.”

“ಯಾಕಂತೆ?”

“ಕೇಳ್ಲಿಲ್ಲ,” ಎಂದ ಗ್ರೀವ್ಸ್.